ಬೋರ್ಡು ಮಾತ್ರ ದಾವಣಗೆರೆದು

ಭಾನುವಾರ ಬೆಳಿಗ್ಗೆ ಹಳೇ ಪಿ.ಬಿ. ರಸ್ತೆಯ ಪಕ್ಕದ ಸಂದಿಯಲ್ಲಿ ಬೆಣ್ಣೆ ದೋಸೆಗೆ ಕಾದು ಕೂತಿದ್ದೆವು. ಬಸಣ್ಣ ಬಂದವನೇ ಐಪ್ಯಾಡನ್ನು ಚಟ್ನಿ ಬಟ್ಟಲ ಪಕ್ಕ ದಬಕ್ಕನೆ ಇಟ್ಟ.

"ಲೇ ಸಾಫ್ಟ್‌ವೇರು, ಅಂಗಡಿಗೆ ಎಂಥಾ ಸೈಟ್ ಮಾಡಿಕೊಟ್ಟೀಯಲೇ? ಫೋನ್‌ನಾಗೆ ಸರಿ ಐತೆ. ಇದ್ರಾಗೆ ಎಷ್ಟು ಒತ್ತಿದ್ರೂ ಮೆನು ತೆರಿಯಲ್ಲ."

ತಪ್ಪು ನನ್ನದೇ. ಐಪ್ಯಾಡಿಗೆ ಹೋಗಿದ್ದು ಕಂಪ್ಯೂಟರಿಗೆ ಅಂತ ಮಾಡಿದ ಪುಟ. ಮೌಸ್ ಬಾಣ ಮೇಲೆ ಬಂದರಷ್ಟೇ ಮೆನು ಬಿಚ್ಚಿಕೊಳ್ಳುತ್ತದೆ. ಬೆರಳಿಗೆ ಬಾಣ ಎಲ್ಲಿಂದ ತರೋದು?

"ಅಣ್ಣಾ, ನಿನ್ನ ಐಪ್ಯಾಡ್ ತಾನು ಮ್ಯಾಕ್ ಕಂಪ್ಯೂಟರ್ ಅಂತ ಸುಳ್ಳು ಹೇಳ್ತೈತೆ. 2019ರಾಗೆ ಐಪ್ಯಾಡ್‌ಓಎಸ್ 13 ಬಂದಾಗಿಂದ ಅದೇ ಚಾಳಿ. ನಾನು 'ಐಪ್ಯಾಡ್' ಅನ್ನೋ ಪದ ಹುಡುಕ್ತಾ ಕೂತಿದ್ದೆ, ಅದು ಹೆಸರೇ ಎತ್ತಲ್ಲ."

"ಯಾರ ಮುಂದೆ ಎತ್ತಬೇಕಿತ್ತು?" ಅಂದ ತಿಪ್ಪೇಶಿ.

"ಸರ್ವರ್ ಮುಂದೆ, ಅಂದ್ರೆ ಪುಟ ಕಳಿಸೋ ಕಂಪ್ಯೂಟರ್ ಮುಂದೆ. ಪುಟ ಕೇಳುವಾಗೆಲ್ಲ ಬ್ರೌಸರ್ ತನ್ನ ಬಗ್ಗೆ ಒಂದು ಚೀಟಿ ಕಳಿಸ್ತೈತೆ, ಯೂಸರ್ ಏಜೆಂಟ್ ಅಂತ. ಹೆಚ್ಚುಕಮ್ಮಿ ಎಲ್ಲಾ ಚೀಟಿಗಳ ತಲೆ ಮೇಲೂ 'ಮೊಜಿಲ್ಲಾ 5.0'. ಕ್ರೋಮ್ ಚೀಟಿನಾಗೆ ಮೊಜಿಲ್ಲಾನೂ ಐತೆ, ಸಫಾರಿನೂ ಐತೆ."

"ಕಂಡೋರ ಹೆಸರು ಯಾಕಪ್ಪ?"

"ಮೊಜಿಲ್ಲಾ ಅಂದ್ರೆ ನೆಟ್‌ಸ್ಕೇಪ್ ಅನ್ನೋ ಹಳೇ ಬ್ರೌಸರ್‌ನ ಒಳಹೆಸರು. ತೊಂಬತ್ತರ ದಶಕದಾಗೆ ಫ್ರೇಮ್ ಇರೋ, ಅಂದ್ರೆ ಪರದೆನ ಭಾಗ ಮಾಡಿ ತೋರ್ಸೋ, ಚೆಂದದ ಪುಟ ಆ ಹೆಸರಿದ್ದೋರಿಗೆ ಮಾತ್ರ ಕೊಡ್ತಿದ್ರು. ಇಂಟರ್ನೆಟ್ ಎಕ್ಸ್‌ಪ್ಲೋರರ್ ನೋಡ್ತು, ತಾನೂ ಮೊಜಿಲ್ಲಾ ಅಂತ ಬರ್ಕೊಂಡ್ತು. ಆಮೇಲೆ ಬಂದೋರೂ ಹಂಗೇ."

ಮಂಜ ಮೇಜು ಕುಟ್ಟಿದ. "ಗೊತ್ತಾತು ಬಿಡು! ಬೆಂಗಳೂರಾಗೆ ಕಂಡಕಂಡಲ್ಲಿ 'ದಾವಣಗೆರೆ ಬೆಣ್ಣೆ ದೋಸೆ' ಬೋರ್ಡು. ಒಳಗಿನ ಭಟ್ರು ತುಮಕೂರು ದಾಟಿರಲ್ಲ. ಬೋರ್ಡಿಲ್ಲಾಂದ್ರೆ ಗಿರಾಕಿ ಹತ್ತಲ್ಲ, ಅಷ್ಟೇ."

ಇದಕ್ಕಿಂತ ಚೆನ್ನಾಗಿ ನಾನು ಯಾವ ಮೀಟಿಂಗ್‌ನಲ್ಲೂ ವಿವರಿಸಿಲ್ಲ.

"ಒಪೇರಾ ಅನ್ನೋ ಬ್ರೌಸರ್ ಕತೆ ಕೇಳಿ. 2009ರಾಗೆ ಹತ್ತನೇ ಆವೃತ್ತಿ ತಂದ್ರು. ಕೆಲವು ಸೈಟುಗಳು ಮೊದಲ ಅಂಕಿ ಮಾತ್ರ ಓದಿ, 'ಒಂದನೇದು, ಓಬೀರಾಯನ ಕಾಲದ್ದು' ಅಂತ ತಿಳ್ಕೊಂಡ್ವು. ಪಾಪ, ಕೊನೆಗೆ ಚೀಟಿ ಮುಂದೆ '9.80' ಅಂತಲೇ ಬರ್ಕೊಂಡು ಓಡಾಡ್ತು."

"ದುರ್ಗದ ನಮ್ಮಜ್ಜನೂ ಹಂಗೇ," ಅಂದ ತಿಪ್ಪೇಶಿ. "ವಯಸ್ಸು ಎಂಬತ್ತೊಂಬತ್ತಕ್ಕೆ ನಿಂತು ನಾಕು ವರ್ಷ ಆತು."

"ಆಂಡ್ರಾಯ್ಡ್ ಕ್ರೋಮ್ ಆದ್ರೆ 'ಮೊಬೈಲ್' ಪದ ಇದ್ರೆ ಫೋನು, ಇಲ್ದಿದ್ರೆ ಟ್ಯಾಬ್ಲೆಟ್. ಮೊದಲು ಮಾಡೆಲ್ ಹೆಸರೂ ಇರ್ತಿತ್ತು. ಈಗ ಜನರ ಗುಟ್ಟು ಕಾಯೋಕೆ ಎಲ್ಲಕ್ಕೂ ಒಂದೇ, 'ಆಂಡ್ರಾಯ್ಡ್ 10, ಕೆ'."

ಮಂಜ ತನ್ನ ಗಾಜು ಸೀಳಿದ ಫೋನು ನೋಡಿಕೊಂಡ. "ಲಕ್ಷ ರೂಪಾಯಿಂದೂ ಕೆ, ನಂದೂ ಕೆ. ನಮ್ಮ ಮಾವನಿಗೂ ಒಸಿ ಹೇಳ್ರಪ್ಪ."

ಬಸಣ್ಣನಿಗೆ ಇದ್ಯಾವುದೂ ರುಚಿಸಲಿಲ್ಲ. "ಮತ್ತೆ ನಿನ್ನ ಫ್ರೇಮ್‌ವರ್ಕ್ ಏನ್ ಕತ್ತೆ ಕಾಯ್ತಿತ್ತಾ?"

"ಅದು ರೈಲ್ಸ್ ಅಂತ ಅಣ್ಣ, ಸೈಟ್ ಕಟ್ಟೋಕೆ ಸಿಗೋ ರೆಡಿ ಚೌಕಟ್ಟು. 2014ರಾಗೆ ಅದರ 4.1 ಆವೃತ್ತಿ ಬಂದಾಗ ಫೋನಿಗೊಂದು, ಟ್ಯಾಬ್ಲೆಟ್ಟಿಗೊಂದು ಪುಟ ಇಡೋಕೆ ಜಾಗ ಮಾಡಿಕೊಡ್ತು. ಬಂದೋರು ಯಾರು ಅಂತ ಪತ್ತೆ ಹಚ್ಚೋದು ಮಾತ್ರ ನಮ್ಮ ತಲೆಗೇ ಕಟ್ಟೈತೆ."

"ಅಂದ್ರೆ ರೈಲು ಬರ್ತ್ ಕೊಟ್ಟೈತೆ, ಟೀಸಿ ನೀನು. ನನ್ನ ತಪ್ಪು ಡಬ್ಬಿಗೆ ಹತ್ತಿಸಿದೋನೂ ನೀನೇ."

ತಲೆ ತಗ್ಗಿಸಿದೆ. "ಮುಟ್ಟಿದ್ರೆ ತೆರಿಯೋ ಮೆನು ಹಾಕ್ತೀನಣ್ಣ. ಒಂದೇ ಪುಟ, ಪರದೆ ಅಗಲಕ್ಕೆ ತಾನೇ ಹೊಂದ್ಕೊಳ್ತೈತೆ. ಪತ್ತೆ ಹಚ್ಚಲೇಬೇಕು ಅಂದ್ರೆ ಒಂದು ಉಪಾಯ ಐತೆ. 'ಒಟ್ಟಿಗೆ ಎಷ್ಟು ಬೆರಳು ತಡೀತೀಯ' ಅಂತ ಬ್ರೌಸರ್‌ನ ಕೇಳೋದು. ಮ್ಯಾಕ್ ಸೊನ್ನೆ ಅಂತೈತೆ. ಐಪ್ಯಾಡ್ ಐದು ಅಂದು ಸಿಕ್ಕಿಬೀಳ್ತೈತೆ."

ಅಷ್ಟರಲ್ಲಿ ದೋಸೆ ಬಂತು, ನೆತ್ತಿ ಮೇಲೆ ಕರಗುತ್ತಿದ್ದ ಬೆಣ್ಣೆ ಮುದ್ದೆ ಹೊತ್ತು. ಬಸಣ್ಣ ಒಂದು ತುತ್ತು ಬಾಯಿಗಿಟ್ಟು, ಅದೇ ಕೈಯ ಐದೂ ಬೆರಳನ್ನು ಗಾಜಿನ ಮೇಲೆ ಊರಿದ.

"ತಗೋ, ಎಣಿಸ್ಕೋ ಅನ್ನು."

ಕೈ ತೆಗೆದಾಗ ಐದು ಬೆಣ್ಣೆ ಬೊಟ್ಟು ಹೊಳೆಯುತ್ತಿದ್ದವು. ಮಂಜ ಪೇಪರ್ ತುಂಡು ಹುಡುಕಲು ಎದ್ದ.