ಮೊದಲ ಟ್ರ್ಯಾಕ್ ಡೇಗೆ ರಸ್ತೆ ಕಾರು: ಹೋಗಿ ಬಂದವರು ಅನುಭವ ಹೇಳಿ

ಹೊಸಬ: ಮುಂದಿನ ತಿಂಗಳು ನನ್ನ ಮೊದಲ ಟ್ರ್ಯಾಕ್ ಡೇ, ಅಂದರೆ ರೇಸ್ ಟ್ರ್ಯಾಕಿನಲ್ಲಿ ಸ್ವಂತ ಕಾರು ಓಡಿಸುವ ದಿನ. ಎಂಟು ವರ್ಷದ ಪೆಟ್ರೋಲ್ ಹ್ಯಾಚ್‌ಬ್ಯಾಕ್, ಫ್ರಂಟ್ ವೀಲ್ ಡ್ರೈವ್, ಪೂರ್ತಿ ಸ್ಟಾಕ್, ಕಂಪನಿಯಿಂದ ಬಂದ ಹಾಗೇ ಇದೆ. ಸೋಮವಾರ ಅದೇ ಕಾರಲ್ಲಿ ಕೆಲಸಕ್ಕೆ ಹೋಗಬೇಕು. ಕೈಯಲ್ಲಿರುವ ದುಡ್ಡು ಒಂದೇ ಕಡೆಗೆ ಸಾಕು. ಬ್ರೇಕಿಗೆ ಹಾಕಲಾ, ಟೈರಿಗಾ, ಸಸ್ಪೆನ್ಶನ್‌ಗಾ?

ಬಿಸಿ ಡಿಸ್ಕ್: ಬ್ರೇಕ್ ಫ್ಲೂಯಿಡ್. ಮಿಕ್ಕಿದ್ದೆಲ್ಲ ಆಮೇಲೆ. ನಾನು ಹೋಗುವ ಮುಂಚೆ ಒಂದು ಗ್ಯಾರೇಜಿಗೆ ಕಾರು ಕೊಟ್ಟು ಫ್ಲೂಯಿಡ್ ಬದಲಾಯಿಸಲು ಹೇಳಿದ್ದೆ. ಬದಲಾಯಿಸಿದ್ದೇವೆ ಅಂತ ಬಿಲ್ಲಿನಲ್ಲೂ ಬರೆದಿದ್ದರು. ಉದ್ದನೆಯ ಸ್ಟ್ರೇಟ್ ಮುಗಿಯುವಲ್ಲಿ ಪೆಡಲ್ ಒತ್ತಿದೆ, ಕಾಲು ನೆಲಕ್ಕೆ ಹೋಯಿತು. ಪಂಪ್ ಮಾಡಿ ಮಾಡಿ ಜಲ್ಲಿಗೆ ಇಳಿಸಿ ನಿಲ್ಲಿಸಿದೆ. ಆಮೇಲೆ ಚಕ್ರದ ಬಳಿ ಫ್ಲೂಯಿಡ್ ಹೊರಬಿಡುವ ಬ್ಲೀಡ್ ನಿಪ್ಪಲ್ ಸಡಿಲ ಮಾಡಿದರೆ ಬಂದದ್ದು ಕಡು ಕಂದು ಬಣ್ಣದ ಹಳೇ ಫ್ಲೂಯಿಡ್. ಮೇಲಿನ ಡಬ್ಬಿಯಲ್ಲಿ ಮಾತ್ರ ಹೊಸದು ಸುರಿದು ಕಳಿಸಿದ್ದರು! ಬಂಪರ್ ಹೋಯಿತು, ಅಂಡರ್‌ಟ್ರೇ ಹೋಯಿತು, ಒಂದು ಫಾಗ್ ಲ್ಯಾಂಪ್ ಹೋಯಿತು, ಎರಡು ಟೈರಿನ ಬೀಡ್ ಒಳಗೆ ಜಲ್ಲಿ ಸೇರಿ ಅವನ್ನೂ ಬಿಚ್ಚಿಸಬೇಕಾಯಿತು. ಇನ್ಶೂರೆನ್ಸ್ ಪಾಲಿಸಿಯಲ್ಲಿ ಟ್ರ್ಯಾಕ್ ಬಳಕೆ ಹೊರಗಿಟ್ಟಿದ್ದರು, ಎಲ್ಲ ನನ್ನ ಕೈಯಿಂದಲೇ. ಡಾಟ್ 4 ದರ್ಜೆಯ ಬ್ರೇಕ್ ಫ್ಲೂಯಿಡ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು. ಶೇ. 3.7ರಷ್ಟು ನೀರು ಹೀರಿಕೊಂಡ ಮೇಲೆ 155 ಡಿಗ್ರಿಗೆ ತಡೆದುಕೊಂಡರೆ ಸಾಕು ಅನ್ನುತ್ತೆ ಮಾನದಂಡ. ಆ ವ್ಯತ್ಯಾಸದಲ್ಲೇ ನನ್ನ ಬಂಪರ್ ಹೋಗಿದ್ದು. ನಾಲ್ಕೂ ಚಕ್ರದಲ್ಲಿ ಹೊಸ ಬಣ್ಣ ಬರುವ ತನಕ ನಿಮ್ಮ ಕಣ್ಣೆದುರೇ ಬ್ಲೀಡ್ ಮಾಡಿಸಿ, ಅಂದರೆ ಹಳೇದನ್ನು ಹೊರತೆಗೆಸಿ.

ಸ್ಪ್ಯಾನರ್: ಫ್ಲೂಯಿಡ್ ಒಂದೇ ಸಾಲದು. ನನಗೆ ಆದದ್ದು ಬೇರೆ. ಪೆಡಲ್ ಗಟ್ಟಿಯಾಗೇ ಇತ್ತು, ಕಾರು ಮಾತ್ರ ನಿಲ್ಲುತ್ತಿರಲಿಲ್ಲ. ಮೆತ್ತಗಾದರೆ ಫ್ಲೂಯಿಡ್ ಕುದಿದಿದೆ, ಗಟ್ಟಿ ಇದ್ದೂ ಹಿಡಿಯದಿದ್ದರೆ ಪ್ಯಾಡ್ ಫೇಡ್, ಅಂದರೆ ಬ್ರೇಕ್ ಪ್ಯಾಡ್ ಅತಿಯಾಗಿ ಬಿಸಿಯಾಗಿ ಹಿಡಿತ ಕಳೆದುಕೊಂಡಿದೆ. ಬಿಚ್ಚಿ ನೋಡಿದರೆ ಪ್ಯಾಡಿನ ಅಂಚು ಬೂದಿ ಬಣ್ಣಕ್ಕೆ ತಿರುಗಿ ಉಗುರಿಗೇ ಪುಡಿಯಾಗುತ್ತಿತ್ತು. ಕ್ಯಾಲಿಪರ್ ಪಿಸ್ಟನ್ನಿನ ರಬ್ಬರ್ ಬೂಟ್ ಎರಡೂ ಸುಟ್ಟಿದ್ದವು. ಹೊಸ ಪ್ಯಾಡ್, ಹೊಸ ರೋಟರ್ ಅಂದರೆ ಬ್ರೇಕ್ ಡಿಸ್ಕ್, ಸೀಲ್ ಕಿಟ್. ರೋಟರ್ ಬಿಚ್ಚುವಾಗ ತುಕ್ಕು ಹಿಡಿದ ಸ್ಕ್ರೂ ಕೊರೆದು ತೆಗೆಯಬೇಕಾಯಿತು. ಅದರ ಕೂಲಿ ಬೇರೆ. ಈಗ ಟ್ರ್ಯಾಕ್ ಪ್ಯಾಡ್ ಹಾಕಿಕೊಂಡೇ ಕೆಲಸಕ್ಕೂ ಹೋಗುತ್ತೇನೆ. ಸಿಗ್ನಲ್ಲಿನಲ್ಲಿ ಕಿರುಚುತ್ತೆ, ಕಿರುಚಲಿ.

ಬಿಸಿ ಡಿಸ್ಕ್: ಟ್ರ್ಯಾಕ್ ಪ್ಯಾಡ್ ತಣ್ಣಗಿದ್ದಾಗ ಸರಿಯಾಗಿ ಹಿಡಿಯಲ್ಲ. ಬೆಳಿಗ್ಗೆ ಮೊದಲ ಸಿಗ್ನಲ್ಲಿನಲ್ಲಿ ಮುಂದಿನವರಿಗೆ ಗುದ್ದಿದರೆ ಯಾರು ಹೊಣೆ? ಹೊಸಬರಿಗೆ ಇಂಥದ್ದು ಹೇಳಬೇಡಿ.

ಸ್ಪ್ಯಾನರ್: ನನ್ನ ಪ್ಯಾಡಿನದು ರಸ್ತೆಗೂ ಆಗುವ ಕಾಂಪೌಂಡ್, ಅಂದರೆ ಮಿಶ್ರಣ. ಹಾಕಿದ ದಿನವೇ ಬ್ರೇಕ್ ಹಿಡಿದು ಬಿಸಿ ಮಾಡಿ ಪ್ಯಾಡನ್ನು ಡಿಸ್ಕಿಗೆ ಹೊಂದಿಸಿ ಸರಿಯಾಗಿ ಬೆಡ್ ಇನ್ ಮಾಡಿದ್ದೇನೆ. ನೀವು ಯಾವುದೋ ಪೂರ್ತಿ ರೇಸ್ ಪ್ಯಾಡ್ ಮನಸ್ಸಲ್ಲಿಟ್ಟುಕೊಂಡು ಮಾತಾಡುತ್ತಿದ್ದೀರಿ.

ಮೂರನೇ ಗೇರ್: ಸುಮ್ನೆ ಹೆದರಿಸುತ್ತಿದ್ದೀರಿ ಇಬ್ಬರೂ. ಹೊಸ ಡಾಟ್ 4, ಅರ್ಧಕ್ಕಿಂತ ಜಾಸ್ತಿ ಉಳಿದಿದ್ದ ಸ್ಟಾಕ್ ಪ್ಯಾಡ್, ಇಷ್ಟರಲ್ಲೇ ನಾನು ಪೂರ್ತಿ ದಿನ ಓಡಿಸಿದೆ. ಮೂರ್ನಾಲ್ಕು ಲ್ಯಾಪ್ ಜೋರಾಗಿ, ಒಂದು ಲ್ಯಾಪ್ ಬ್ರೇಕ್ ಹೆಚ್ಚು ಮುಟ್ಟದೆ ಮೆಲ್ಲಗೆ, ವಾಪಸ್ ಪಿಟ್‌ಗೆ. ಬಂದ ಮೇಲೆ ಹ್ಯಾಂಡ್‌ಬ್ರೇಕ್ ಎಳೆಯಬಾರದು, ಬಿಸಿ ಪ್ಯಾಡ್ ಡಿಸ್ಕಿಗೆ ಒತ್ತಿಕೊಂಡು ಗುರುತು ಬಿಡುತ್ತೆ. ಗೇರಲ್ಲಿಟ್ಟು ಚಕ್ರಕ್ಕೆ ಅಡ್ಡ ಕೊಡಿ. ನನಗೆ ನಷ್ಟ ಆಗಿದ್ದು ಟೈರಿನದು ಮಾತ್ರ. ಟ್ರ್ಯಾಕ್ ಬಲಕ್ಕೆ ಸುತ್ತುತ್ತಿತ್ತು, ಭಾರವೆಲ್ಲ ಎಡ ಮುಂದಿನ ಟೈರಿನ ಮೇಲೆ. ಹೊರಗಿನ ಅಂಚು ದಾರ ಕಾಣುವಷ್ಟು ಸವೆಯಿತು, ಒಳಗಿನ ಅಂಚು ಹೊಸದರ ಹಾಗೇ ಇತ್ತು. ಗಾಳಿ ಹೊರಡುವಾಗ 32 ಪಿಎಸ್‌ಐ, ಬಂದಾಗ 39. ಪಿಟ್‌ಗೆ ಬಂದ ಕೂಡಲೇ, ಟೈರು ಬಿಸಿ ಇರುವಾಗಲೇ ಅಳೆದು ಇಳಿಸಬೇಕು. ಹಾಗಂತ ಟ್ರ್ಯಾಕಿಗೆಂದೇ ಮಾಡಿದ, ಹೆಚ್ಚು ಅಂಟುವ ಸೆಮಿ ಸ್ಲಿಕ್ ಟೈರು ತಗೋಬೇಡಿ. ರಸ್ತೆ ಟೈರು ಜಾರುವ ಮೊದಲೇ ಕೂಗಿ ಹೇಳುತ್ತೆ. ಕಲಿಯುವವರಿಗೆ ಅದೇ ಬೇಕು.

ಕ್ಯಾಂಬರ್ ಪ್ಲೇಟ್: ಅಂಚು ಸವೆದದ್ದಕ್ಕೆ ಕಾರಣ ನಿಮ್ಮ ಬರಹದಲ್ಲೇ ಇದೆ, ಕ್ಯಾಂಬರ್ ಇಲ್ಲ, ಅಂದರೆ ಚಕ್ರದ ಮೇಲ್ಭಾಗ ಒಳಕ್ಕೆ ವಾಲಿಲ್ಲ. ನಾನು ಮೊದಲ ದಿನಕ್ಕೇ ಎತ್ತರ ಹೊಂದಿಸಬಹುದಾದ ಕಾಯಿಲೋವರ್ ಸಸ್ಪೆನ್ಶನ್ ಹಾಕಿ ಕ್ಯಾಂಬರ್ ಮೈನಸ್ 2.5 ಡಿಗ್ರಿ ಇಡಿಸಿದೆ. ಎಲ್ಲರೂ ನಕ್ಕರು. ದುಡ್ಡು ಹೋಯಿತು, ಇಲ್ಲ ಅನ್ನಲ್ಲ. ಕಾಯಿಲೋವರ್, ಟಾಪ್ ಮೌಂಟ್, ಡ್ರಾಪ್ ಲಿಂಕ್ ಕತ್ತರಿಸಿಯೇ ತೆಗೆಯಬೇಕಾದ್ದರಿಂದ ಹೊಸ ಡ್ರಾಪ್ ಲಿಂಕ್, ಎಬಿಎಸ್ ವೈರಿನ ಕ್ಲಿಪ್ಪು, ಮೊದಲ ಅಲೈನ್‌ಮೆಂಟ್ ತಪ್ಪಾಗಿ ಮಾಡಿದ್ದಕ್ಕೆ ಬೇರೆ ಕಡೆ ಇನ್ನೊಂದು ಅಲೈನ್‌ಮೆಂಟ್. ಆದರೆ ಸೆಮಿ ಸ್ಲಿಕ್ ಟೈರು ಈಗ ಅಗಲ ಪೂರ್ತಿ ಒಂದೇ ಸಮ ಸವೆಯುತ್ತಿದೆ. ಕಾರು ಜಾರದಂತೆ ತಡೆಯುವ ಇಎಸ್‌ಸಿಯನ್ನೂ ಆಫ್ ಮಾಡಿ, ಅದು ತಾನೇ ಬ್ರೇಕ್ ಹಿಡಿದು ಪ್ಯಾಡ್ ಬಿಸಿ ಮಾಡುತ್ತೆ.

ಬಿಸಿ ಡಿಸ್ಕ್: ಮೊದಲ ದಿನ ಇಎಸ್‌ಸಿ ಆಫ್?! ನಿಮ್ಮ ಕಾರಿಗೆ ಏನು ಬೇಕಾದರೂ ಮಾಡಿಕೊಳ್ಳಿ. ಗೊತ್ತಿಲ್ಲದವರಿಗೆ ಇದನ್ನು ಹೇಳುವುದು ಅನ್ಯಾಯ.

ಕ್ಯಾಂಬರ್ ಪ್ಲೇಟ್: ಜಲ್ಲಿಗೆ ಹೋಗಿ ಕೂತವರು ನೀವು, ನಾನಲ್ಲ.

ಬಿಸಿ ಡಿಸ್ಕ್: ಹೋಗಿದ್ದು ಗ್ಯಾರೇಜಿನವರು ಮಾಡಿದ ಮೋಸಕ್ಕೆ. ಮೇಲೆ ಇನ್ನೊಂದು ಸಲ ಓದಿ.

ಮೂರನೇ ಗೇರ್: ಕ್ಯಾಂಬರ್ ಪ್ಲೇಟ್ ಅವರೇ, ಆಯಿಲ್ ವಿಷಯ ಯಾಕೆ ಬಿಟ್ಟಿರಿ? ಅಂಟುವ ಟೈರು ಹಾಕಿ ಸಂಪ್, ಅಂದರೆ ಎಂಜಿನ್ ಅಡಿಯ ಆಯಿಲ್ ತೊಟ್ಟಿ, ಸ್ಟಾಕ್ ಇಟ್ಟರೆ ಉದ್ದ ತಿರುವಿನಲ್ಲಿ ಆಯಿಲ್ ಒಂದು ಪಕ್ಕಕ್ಕೆ ಸರಿಯುತ್ತೆ, ಪಿಕಪ್ ಪೈಪು ಗಾಳಿ ಎಳೆಯುತ್ತೆ. ನನ್ನ ಜೊತೆ ಬಂದಿದ್ದವರ ಎಂಜಿನ್ ಹೀಗೇ ಬೇರಿಂಗ್ ಹೊಡೆದುಕೊಂಡಿತು. ಆಯಿಲ್ ಸರಿಯದಂತೆ ತಡೆಯುವ ಬ್ಯಾಫಲ್ ಹಾಕಿಸಿದ್ದೀರಾ?

ಕ್ಯಾಂಬರ್ ಪ್ಲೇಟ್: ಆಯಿಲ್ ಮ್ಯಾಕ್ಸ್ ಗೆರೆಗೆ ಇಟ್ಟು, ಪ್ರತಿ ಸೆಶನ್ ಆದ ಮೇಲೆ ಕಡ್ಡಿ ತೆಗೆದು ನೋಡುತ್ತೇನೆ. ಇಲ್ಲಿಯವರೆಗೆ ಪ್ರೆಶರ್ ಲ್ಯಾಂಪ್ ಒಮ್ಮೆಯೂ ಮಿನುಗಿಲ್ಲ.

ಮೂರನೇ ಗೇರ್: ಲ್ಯಾಂಪ್ ಮಿನುಗುವಷ್ಟರಲ್ಲಿ ಆಗಬೇಕಾದ್ದು ಆಗಿರುತ್ತೆ.

ಸ್ಪ್ಯಾನರ್: ಕೂಲಂಟ್ ಬಗ್ಗೆ ಯಾರೂ ಹೇಳಲಿಲ್ಲ. ನಾನು ಹೆಪ್ಪುಗಟ್ಟದಂತೆ ತಡೆಯುವ ಗ್ಲೈಕಾಲ್ ಪೂರ್ತಿ ಇಳಿಸಿ ಬರೀ ಡಿಸ್ಟಿಲ್ಡ್ ನೀರು ಮತ್ತು ತುಕ್ಕು ತಡೆಯುವ ಅಡಿಟಿವ್ ಹಾಕುತ್ತೇನೆ. ನೀರು ಶಾಖವನ್ನು ಜಾಸ್ತಿ ಒಯ್ಯುತ್ತೆ. ಟ್ರ್ಯಾಕ್ ಮೇಲೆ ಗ್ಲೈಕಾಲ್ ಚೆಲ್ಲಿದರೆ ಹಿಂದೆ ಬರುವವರು ಜಾರುತ್ತಾರೆ. ಕೆಲವು ಟ್ರ್ಯಾಕ್‌ಗಳಲ್ಲಿ ಅದಕ್ಕೇ ಬಿಡಲ್ಲ.

ಬಿಸಿ ಡಿಸ್ಕ್: ಚಳಿ ದೇಶದಲ್ಲಿರುವವರು ಇದನ್ನು ಓದಿ ನೀರು ತುಂಬಿಸಿ ನಿಲ್ಲಿಸಿದರೆ ಅದು ಹೆಪ್ಪುಗಟ್ಟಿ ಎಂಜಿನ್ ಬ್ಲಾಕ್ ಒಡೆಯುತ್ತೆ. ನೀರು ಕುದಿಯುವುದೂ ಬೇಗ. ದಿನಾ ಓಡಿಸುವ ಕಾರಿಗೆ ಇದೆಲ್ಲ ಬೇಡ.

ಸ್ಪ್ಯಾನರ್: ರೇಡಿಯೇಟರ್ ಕ್ಯಾಪ್ ಪ್ರೆಶರ್ ಹಿಡಿದರೆ 100 ಡಿಗ್ರಿಗೆ ಕುದಿಯಲ್ಲ. ಚಳಿಗಾಲ ಬರುವ ಮುಂಚೆ ಬದಲಾಯಿಸುವುದು ಯಾರಿಗೂ ಕಷ್ಟ ಅಲ್ಲ.

ಹೊಸಬ: ಫ್ಲೂಯಿಡ್ ಮತ್ತು ಪ್ಯಾಡ್ ಅಂತ ತೀರ್ಮಾನ ಮಾಡಿದ್ದೇನೆ. ಬೈಕ್ ಹೆಲ್ಮೆಟ್ ಇದೆ, ನಡೆಯುತ್ತಾ?

ಮೂರನೇ ಗೇರ್: ಆಯೋಜಕರ ನಿಯಮ ನೋಡಿ. ಹೆಲ್ಮೆಟ್ ಪರೀಕ್ಷಿಸುವ ಸ್ನೆಲ್ ಸಂಸ್ಥೆಯ ಗುರುತಿನಲ್ಲಿ ಎಂ ಅಂದರೆ ಬೈಕಿನದು, ಎಸ್‌ಎ ಅಂದರೆ ಕಾರಿನದು. ಎಸ್‌ಎ ಹೆಲ್ಮೆಟ್‌ಗೆ ಬೆಂಕಿ ಪರೀಕ್ಷೆ ಇರುತ್ತೆ. ಕೆಲವು ಕಡೆ ಎಂ ಬಿಡುತ್ತಾರೆ, ಕೆಲವು ಕಡೆ ಗೇಟಿಂದಲೇ ವಾಪಸ್. ಕೆಟ್ಟರೆ ಕಾರು ಎಳೆಯಲು ಬೇಕಾದ ಟೋ ಹುಕ್ಕು ಮೊದಲೇ ತಿರುಗಿಸಿ ಹಾಕಿ. ಡ್ರೈವರ್ ಕಡೆಯ ಮ್ಯಾಟ್ ತೆಗೆದು ಮನೆಯಲ್ಲೇ ಇಡಿ.

ಕ್ಯಾಂಬರ್ ಪ್ಲೇಟ್: ಮೊದಲ ಸೆಶನ್ ಆಗಿ ಚಕ್ರ ತಣ್ಣಗಾದ ಮೇಲೆ ಟಾರ್ಕ್ ರೆಂಚ್ ಹಿಡಿದು ನಟ್ ಚೆಕ್ ಮಾಡಿ. ಅಂಕಿ ನಿಮ್ಮ ಕಾರಿನ ಕೈಪಿಡಿಯಲ್ಲಿರುತ್ತೆ. ಇಎಸ್‌ಸಿ ವಿಷಯದಲ್ಲಿ ನಾನು ಹೇಳಿದ್ದನ್ನು ವಾಪಸ್ ತಗೊಳ್ಳಲ್ಲ.

ಬಿಸಿ ಡಿಸ್ಕ್: ಆನ್ ಇಟ್ಟೇ ಹೋಗಿ, ಹೊಸಬರೇ. ಮತ್ತೆ ಬ್ಲೀಡ್ ಮಾಡುವಾಗ ಪಕ್ಕದಲ್ಲೇ ನಿಂತಿರಿ.