ಮೊಲಾರಿಟಿ ಲೆಕ್ಕ: ನೀರು ಎಷ್ಟು ಹಾಕ್ಬೇಕು, ಯಾವ ತೂಕ ತಗೋಬೇಕು?

ಪ್ರಶ್ನೆ: ಮೇಡಂ ನಮಸ್ತೆ, 0.5 ಮೊಲಾರ್ ಸೋಡಿಯಂ ಕ್ಲೋರೈಡ್ ದ್ರಾವಣ 250 ಎಂಎಲ್ ಮಾಡ್ಬೇಕು, ಲೆಕ್ಕ ಹಾಕಿದ್ರೆ 7.3 ಗ್ರಾಂ ಬಂತು, ಸರಿನಾ? ಇನ್ನೊಂದು, ಒಬ್ರು 250 ಎಂಎಲ್ ನೀರು ಅಳೆದು ಅದಕ್ಕೆ ಉಪ್ಪು ಹಾಕು ಅಂತಾರೆ, ಇನ್ನೊಬ್ರು ಹಾಗ್ ಮಾಡ್ಬೇಡ ಅಂತಾರೆ. ಎರಡೂ ಒಂದೇ ತಾನೆ?

ಉತ್ತರ: ಗ್ರಾಂ ಲೆಕ್ಕ ಸರಿ ಇದೆ. 0.25 ಲೀಟರ್ ಇಂಟು 0.5 ಅಂದ್ರೆ 0.125 ಮೋಲ್ (ಮೋಲ್ ಅಂದ್ರೆ ಡಜನ್ ಥರ ಕಣಗಳನ್ನ ಎಣಿಸೋ ಅಳತೆ), ಒಂದು ಮೋಲ್ 58.44 ಗ್ರಾಂ, ಸೋ 7.305 ಗ್ರಾಂ. ಆದ್ರೆ ಎರಡೂ ಒಂದೇ ಅಲ್ಲ. ಮೊಲಾರಿಟಿ ಅಂದ್ರೆ ಒಂದು ಲೀಟರ್ ದ್ರಾವಣದಲ್ಲಿ ಎಷ್ಟು ಮೋಲ್ ಇದೆ ಅಂತ, ಹಾಕಿದ ನೀರಿನ ಲೆಕ್ಕ ಅಲ್ಲ. ಉಪ್ಪೂ ಒಂಚೂರು ಜಾಗ ತಗೊಳ್ಳತ್ತೆ, 250 ಎಂಎಲ್ ನೀರಿಗೆ ಹಾಕಿದ್ರೆ ಸುಮಾರು 252 ಆಗತ್ತೆ, ಅಷ್ಟು ವ್ಯತ್ಯಾಸ ಇಲ್ಲಿ ದೊಡ್ಡದಲ್ಲ ಬಿಡಿ, ಆದ್ರೆ ಗಟ್ಟಿ ದ್ರಾವಣದಲ್ಲಿ ನೋಡಿ, ಒಂದು ಲೀಟರ್ ನೀರಿಗೆ 360 ಗ್ರಾಂ ಉಪ್ಪು ಹಾಕಿದ್ರೆ ಅದು 6.16 ಮೋಲ್, ದ್ರಾವಣ ಮಾತ್ರ 1.13 ಲೀಟರ್ ಹತ್ರ ಬರತ್ತೆ, ಹಾಗಾಗಿ ಮೊಲಾರಿಟಿ 5.4 ಅಷ್ಟೇ. ಬೀಕರ್‌ನಲ್ಲಿ ಸ್ವಲ್ಪ ಡಿಸ್ಟಿಲ್ಡ್ ವಾಟರ್‌ನಲ್ಲಿ ಕರಗಿಸಿ, ವಾಲ್ಯೂಮೆಟ್ರಿಕ್ ಫ್ಲಾಸ್ಕ್‌ಗೆ (ಕತ್ತಿನ ಮೇಲೆ 250 ಎಂಎಲ್ ಗೆರೆ ಇರೋದು) ಸುರೀರಿ, ಬೀಕರನ್ನ ಎರಡ್ಮೂರು ಸಲ ತೊಳೆದು ಆ ನೀರನ್ನೂ ಅದಕ್ಕೇ ಹಾಕಿ, ಆಮೇಲೆ ಗೆರೆವರೆಗೆ ತುಂಬಿಸಿ. ಮೆನಿಸ್ಕಸ್‌ನ, ಅಂದ್ರೆ ದ್ರಾವಣದ ಬಾಗಿದ ಮೇಲ್ಮೈನ, ಕೆಳಗಿನ ಅಂಚು ಗೆರೆಗೆ ತಾಗ್ಬೇಕು, ಕಣ್ಣು ಅದೇ ಎತ್ತರದಲ್ಲಿರ್ಲಿ. ಗೆರೆ ದಾಟಿದ್ರೆ ಪಿಪೆಟ್‌ನಲ್ಲಿ ವಾಪಸ್ ತೆಗೀತೀನಿ ಅನ್ಬೇಡಿ, ನೀರಿನ ಜೊತೆ ಉಪ್ಪೂ ಹೋಗತ್ತೆ, ಹೊಸದಾಗೇ ಮಾಡಿ.

ಪ್ರಶ್ನೆ: ಮೇಡಂ ಇದರಲ್ಲೇ ಕೇಳ್ಬಿಡ್ತೀನಿ, ಕಾಪರ್ ಸಲ್ಫೇಟ್‌ನ ಒಂದು ಮೋಲ್ ತೂಕ ಒಂದ್ಕಡೆ 159.6 ಗ್ರಾಂ ಅಂತಿದೆ, ಇನ್ನೊಂದ್ಕಡೆ 249.7. ಯಾವುದು ಹಾಕ್ಲಿ?

ಉತ್ತರ: ಬಾಟಲ್ ಲೇಬಲ್ ನೋಡಿ, ಅದೇ ಫೈನಲ್. ನೀಲಿ ಹರಳು ಅಂದ್ರೆ ಪೆಂಟಾಹೈಡ್ರೇಟ್, ಒಂದು ಕಾಪರ್ ಸಲ್ಫೇಟ್‌ಗೆ ಐದು ನೀರಿನ ಅಣು ಅಂಟ್ಕೊಂಡಿರತ್ತೆ, ತಕ್ಕಡೀಲಿ ಆ ನೀರೂ ತೂಗತ್ತೆ, ಸೋ 249.7. ಬೆಳ್ಳಗಿರೋ ಪುಡಿ ಅನ್‌ಹೈಡ್ರಸ್, ಅಂದ್ರೆ ಆ ನೀರಿಲ್ಲದ್ದು, ಅದಕ್ಕೆ 159.6. 0.1 ಮೊಲಾರ್ 250 ಎಂಎಲ್‌ಗೆ ನೀಲಿದು 6.24 ಗ್ರಾಂ ಬೇಕು. 159.6 ಹಾಕಿ 3.99 ಗ್ರಾಂ ನೀಲಿ ಹರಳು ತೂಗಿದ್ರೆ ಸಿಗೋದು 0.064 ಮೊಲಾರ್, ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಕಮ್ಮಿ ಆಯ್ತಲ್ಲ, ಟೈಟ್ರೇಷನ್ (ಗೊತ್ತಿರೋ ದ್ರಾವಣ ಹಾಕಿ ಇನ್ನೊಂದರ ಸಾಂದ್ರತೆ ಅಳೆಯೋದು) ರೀಡಿಂಗ್ ತಾಳೆ ಆಗದೆ ತಲೆ ಕೆಡಿಸ್ಕೊಳ್ಳೋರಲ್ಲಿ ಎಷ್ಟೋ ಜನ ಇಲ್ಲೇ ಎಡವಿರ್ತಾರೆ.

ಪ್ರಶ್ನೆ: 0.1 ಮೊಲಾರ್ ಕ್ಯಾಲ್ಸಿಯಂ ಕ್ಲೋರೈಡ್‌ನಲ್ಲಿ ಕ್ಲೋರೈಡ್ ಕೂಡ 0.1 ತಾನೆ?

ಉತ್ತರ: ಅಲ್ಲ, 0.2. ಒಂದು ಕ್ಯಾಲ್ಸಿಯಂಗೆ ಎರಡು ಕ್ಲೋರೈಡ್ ಅಯಾನ್. ಇದರಲ್ಲೂ ಲೇಬಲ್ ನೋಡಿ, ಅನ್‌ಹೈಡ್ರಸ್ ಆದ್ರೆ 111, ಡೈಹೈಡ್ರೇಟ್ (ಎರಡು ನೀರಿನ ಅಣು ಇರೋದು) ಆದ್ರೆ 147. ಅನ್‌ಹೈಡ್ರಸ್ಸು ಕರಗುವಾಗ ಚೆನ್ನಾಗಿ ಬಿಸಿ ಆಗತ್ತೆ, ಬಿಸಿ ಇದ್ದಾಗಲೇ ಗೆರೆಗೆ ತುಂಬಿಸಿದ್ರೆ ತಣ್ಣಗಾದ್ಮೇಲೆ ಮಟ್ಟ ಇಳಿಯತ್ತೆ. ರೂಮ್ ಟೆಂಪರೇಚರ್‌ಗೆ ಬಂದ್ಮೇಲೆ ತುಂಬಿಸಿ.