ಮೋಟರ್ ಎಳೆದ ತಕ್ಷಣ ಕಂಟ್ರೋಲರ್ ರೀಸ್ಟಾರ್ಟ್, ಬ್ಯಾಟರಿನಾ ವೈರಾ?

ಜಯನಗರ_ಬಾಟ್: ನಮ್ಮ ರೋಬೋಟಿಗೆ 12 ವೋಲ್ಟಿನ ಲೆಡ್ ಆಸಿಡ್ ಬ್ಯಾಟರಿ. ನಿಂತಾಗ ಮೀಟರ್ 12.7 ತೋರಿಸುತ್ತದೆ, ಆದರೆ ನಾಲ್ಕೂ ಮೋಟರ್ ಒಟ್ಟಿಗೆ ಎಳೆದರೆ ಕಂಟ್ರೋಲರ್ ಆಫ್ ಆಗಿ ಆನ್ ಆಗುತ್ತದೆ. ಹೊಸ ಬ್ಯಾಟರಿ ತರಬೇಕಾ?

ಮೀಟರ್_ಮಾವ: ನಿಂತಾಗಿನ ವೋಲ್ಟೇಜ್ ನಂಬಬೇಡಿ, ಲೋಡ್ ಇರುವಾಗ ಅಳೆಯಿರಿ. ಬ್ಯಾಟರಿಯ ಒಳಗಿನ ರೆಸಿಸ್ಟೆನ್ಸ್, ವೈರ್, ಲಗ್ (ವೈರ್ ತುದಿಗೆ ಹಾಕುವ ಲೋಹದ ಬಳೆ), ಬ್ರೇಕರ್ ಎಲ್ಲ ಸೇರಿ 20 ಮಿಲಿಓಮ್ ಅಂದುಕೊಳ್ಳಿ, 200 ಆಂಪಿಯರ್ ಎಳೆದರೆ 4 ವೋಲ್ಟ್ ದಾರಿಯಲ್ಲೇ ಹೋಯಿತು, ಉಳಿದದ್ದು ಕಂಟ್ರೋಲರಿಗೆ ಸಾಲದೆ ರೀಸ್ಟಾರ್ಟ್ ಆಗುತ್ತದೆ. ಹಳೇ ಬ್ಯಾಟರಿ ಆದರೆ ಇನ್ನೂ ಜಾಸ್ತಿ.

ತಾಮ್ರದ_ತಂತಿ: ದುಡ್ಡು ಸುರಿಯುವ ಮೊದಲು ಲಗ್ ನೋಡಿ. ಕೈಯಲ್ಲಿ ತಿರುಗಿಸಿದಾಗ ಅಲ್ಲಾಡಿದರೆ ಕಳ್ಳ ಸಿಕ್ಕಿದ ಅಂತಲೇ ಲೆಕ್ಕ. ಮೀಟರಿನ ಒಂದು ಪ್ರೋಬ್ ಬ್ಯಾಟರಿ ಟರ್ಮಿನಲ್ ಮೇಲೆ, ಇನ್ನೊಂದು ಅದೇ ವೈರಿನ ಆ ತುದಿಯಲ್ಲಿ ಇಡಿ, ರೋಬೋಟನ್ನು ಗೋಡೆಗೆ ಒತ್ತಿ ಒಂದೆರಡು ಸೆಕೆಂಡ್ ಮಾತ್ರ ಓಡಿಸಿ. ಅರ್ಧ ವೋಲ್ಟ್ ಬಂದರೆ ಜಾಯಿಂಟೋ ವೈರೋ ಸರಿಯಿಲ್ಲ. ಬೆಂಗಳೂರಿನ ಎಸ್‌ಪಿ ರೋಡಲ್ಲಿ 16 ಸ್ಕ್ವೇರ್ ಎಂಎಂ ಫ್ಲೆಕ್ಸಿಬಲ್ ವೈರ್ ಕೇಳಿ, ತುದಿ ಕೆರೆದು ನೋಡಿ, ಒಳಗೆ ಬೆಳ್ಳಗಿದ್ದರೆ ಅಲ್ಯೂಮಿನಿಯಂ, ಬೇಡ. ಉದ್ದ ಆದಷ್ಟು ಕಡಿಮೆ ಇರಲಿ.

ಕೋಡ್_ಕುಮಾರಿ: ವೈರ್ ಸರಿ ಮಾಡಿದ ಮೇಲೂ ಮೋಟರ್ ಕಂಟ್ರೋಲರಲ್ಲಿ ಕರೆಂಟ್ ಲಿಮಿಟ್ ಹಾಕಿ, ಅಂದರೆ ಮೋಟರ್ ಎಳೆಯುವ ಕರೆಂಟಿಗೆ ಮಿತಿ. ಇದಕ್ಕೆ ಖರ್ಚೇ ಇಲ್ಲ ಅಲ್ವಾ!

ಜಯನಗರ_ಬಾಟ್: ನೆಗೆಟಿವ್ ಲಗ್ ಅಲ್ಲಾಡುತ್ತಿದೆ. ಲಗ್ ಒತ್ತಿ ಕೂರಿಸುವ ಕ್ರಿಂಪಿಂಗ್ ಟೂಲ್ ಯಾರ ಹತ್ತಿರ ಇದೆ?